ಹತ್ತಿ ಊರಾಗ ಹತ್ತಿ ಬ್ಯಾಡಂದ ಮೌಲಾ ಮೇಸ್ತ್ರಿ

ನನ್ನ ಮೊಮ್ಮಗಳು ಗೆದ್ಲು! ರೇಣುಕಾ ಇವತ್ತು ಒಬ್ಬಾಕಿನೇ ಹಳೇ ಟರ್ಬೋ ತೊಳೆದು, ತಪಾಸು ಮಾಡಿ, ಅವರಪ್ಪನ ಗಾಡಿಗೆ ಕೂಡ್ರಿಸಿದ್ಲು. ಆದೋನಿ ಕೋಟೆ ಕಡೆಯ ಏರನ್ನ ಗಾಡಿ ಕರೀ ಹೊಗಿ ಉಗುಳದೆ ಹತ್ತಿತು. ಹಾಲಿನಾಕಿಗೆ ಹೇಳಿದೆ, ಬಸ್‌ಸ್ಟ್ಯಾಂಡಿನಾಗ ಗುರುತಿಲ್ಲದವರಿಗೂ ಹೇಳಿದೆ. ಕೇಳಬೇಕಾದಾತ ಮಾತ್ರ ಇಲ್ಲ. ಆಕಿಗೆ ಕೆಲಸ ಕಲಿಸಿದ ಮೌಲಾ ಮೇಸ್ತ್ರಿ ಹೋದ ಮಳಿಗಾಲದಾಗ ತೀರಿಕೊಂಡ.

ಮೇಸ್ತ್ರಿ ಅಂದ್ರ ನನಗೆ ಮೊದಲು ಆತನ ತೋರುಬೆರಳು ಕಾಣತೈತಿ. ಟರ್ಬೋ ಅಂಬೋದು ಶಂಖದಂಥ ಕಬ್ಬಿಣದ ಡಬ್ಬಿ; ಎಂಜಿನ್ನಿನ ಹೊಗಿಯಿಂದಲೇ ಒಳಗಿನ ಚಕ್ರ ತಿರುಗಿ, ಎಂಜಿನ್ನಿಗೆ ಗಾಳಿ ತುಂಬತೈತಿ. ಆ ಚಕ್ರದ ನಡುವಿಗೆ ಬೆರಳು ಹಚ್ಚಿ, ಅತ್ತಿತ್ತ ಅಲುಗಿಸಿ, ಹಿಂದ ಮುಂದ ಎಳೆದು ನೋಡೋನು. ಆಗ ಆತನ ಕಣ್ಣು ತಗಡಿನ ಸೂರಿನ ಮ್ಯಾಲ. ನೋಡಬೇಕಾದ್ದನ್ನೆಲ್ಲ ಬೆರಳೇ ನೋಡತಿತ್ತು.

ರೇಣುಕಾಗೆ ಬುತ್ತಿ ಒಯ್ದಾಗ ನಾನು ಬಾಯಿ ತೆರೆದು ಕೂತಿದ್ದನ್ನ ಕಂಡು ಒಮ್ಮೆ ಅಂದ: "ಅಕ್ಕಾ, ನೀ ಕಣ್ಣು ಮುಚ್ಚಿ ತೆಗಿಯೋದ್ರೊಳಗ ಇದು ನೂರಾರು ಸುತ್ತು ಹಾಕತೈತಿ. ಅದೂ ಎಣ್ಣಿಯ ಒಂದು ತೆಳು ಪೊರಿ ಮ್ಯಾಲ ತೇಲಿಕೋತ." ನನ್ನ ಮೈ ಜುಂ ಅಂತು. ಅಂಗೈಯಾಗ ಹಿಡಿಯೋ ಚಕ್ರ, ಅದಕ್ಕ ಅಷ್ಟು ವೇಗ!

ಹಳೇ ಟರ್ಬೋ ಬಂದ್ರ ಆತನ ಮಾತು ಒಂದೇ: "ಇದಕ್ಕ ಎರಡನೇ ಮದುವಿ. ಮೊದಲನೇ ಮನಿಯಾಗ ಏನೇನು ಅನುಭವಿಸೈತೋ, ನಿಧಾನಕ್ಕ ಕೇಳಬೇಕು." ಸೀಮೆಎಣ್ಣಿ, ಮೆತ್ತನ ಬ್ರಷ್ಷು, ಹಳೇ ಪಾಲಿಸ್ಟರ್ ಸೀರಿ ತುಂಡು, ಇಷ್ಟೇ ಆತನ ಸಾಮಾನು. ಆದೋನಿಯಾಗ ಕೈ ಒರೆಸೋಕೂ ಹತ್ತಿ, ಎಣ್ಣಿ ಒರೆಸೋಕೂ ಹತ್ತಿ. ಆತನ ಶೆಡ್ಡಿನಾಗ ಮಾತ್ರ ಹತ್ತಿ ಕಂಡ್ರ ಬೈಗುಳ. ಎಮ್ಮಿಗನೂರಿನ ಲಾರಿ ಮಾಲೀಕನೊಬ್ಬ ನಕ್ಕ: "ಒಂದು ಎಳಿ ಹತ್ತಿ ಏನ್ ಮಾಡತೈತಿ ಮೇಸ್ತ್ರಿ?" ಮೇಸ್ತ್ರಿ ಆತನ ಲಾರಿಯಿಂದ ಬಿಚ್ಚಿದ್ದ ಟರ್ಬೋದ ದಂಡ ತೋರಿಸಿದ. ಎಣ್ಣಿ ತೂತಿಗೆ ಎಳಿ ಅಡ್ಡ ಬಿದ್ದು, ಎಣ್ಣಿ ಸಿಗದೆ ಸುಟ್ಟು ನೀಲಿಯಾಗಿತ್ತು. "ಇದನ್ನ ಮಾಡತೈತಿ," ಅಂದ.

ರೇಣುಕಾಗೂ ಒಮ್ಮೆ ಬೈಗುಳ ಬಿತ್ತು. ಚಕ್ರ ಸಿಳ್ಳಿ ಹಾಕ್ತೈತಿ ಅಂತ ಖುಷಿಗೆ ಗಾಳಿ ಪೈಪು ಹಿಡಿದಿದ್ಲು. "ಏಯ್ ಬೇಟಿ! ಒಣಗಿದ ಗಂಟಲಿನಾಗ ಹಾಡು ಹಾಡಸ್ತೀ ಏನು? ಮೊದಲು ಎಣ್ಣಿ ಕುಡಸು!"

ಮೇಸ್ತ್ರಿ ಹೋದ ಮ್ಯಾಲ ಶೆಡ್ಡಿಗೆ ಬೀಗ ಬಿತ್ತು. ಆತನ ಹೆಂಡತಿ ಮಾಬೀ ರೇಣುಕಾಗೆ ಖಡಕ್ಕಾಗಿ ಹೇಳಿದ್ಲು: "ಒಂದು ಟರ್ಬೋ ಒಬ್ಬಾಕಿನೇ ಹಾಕಿ ಗಾಡಿ ಓಡಸು, ಶೆಡ್ಡು ನಿಂದು. ಇಲ್ಲಾಂದ್ರ ಚಾ ಹೋಟ್ಲಿನವರಿಗೆ ಕೊಡ್ತೀನಿ. ಆತನ ಹೆಸರು ಕೆಡೋದು ಬ್ಯಾಡ." ಅದಕ್ಕೇ ಇವತ್ತು ಬೀಗ ತೆಗೆದು, ಬಾಗಲಾಗ ಕುರ್ಚಿ ಹಾಕ್ಕೊಂಡು ಕೂತಿದ್ಲು.

ರೇಣುಕಾ ತೊಳೆದ್ಲು, ಚಕ್ರದ ರೆಕ್ಕಿ ಒಂದೊಂದೂ ಬೆಳಕಿಗೆ ಹಿಡಿದು ನೋಡಿದ್ಲು, ಬೆರಳು ಹಚ್ಚಿ ಅಲುಗಿಸಿದ್ಲು. ಎಲ್ಲಾ ಪಾಸು. ಸಂದಿ ಮುಚ್ಚೋ ಹೊಸಾ ಗ್ಯಾಸ್ಕೆಟ್ ತರಾಕ ಅಂಗಡಿಗೆ ಹೋದ್ಲು. ಅಷ್ಟರಾಗ ನನ್ನ ಮಗ ಬಸವರಾಜ, ಮಾರ್ಕೆಟ್ಟಿಗೆ ಹತ್ತಿ ಗಾಡಿ ಹೊಡಿಯೋ ಮನುಷ್ಯ, ಧೂಳು ಒಳಗ ಹೋದೀತು ಅಂತ ಅಂಗಿಗೆ ಅಂಟಿದ್ದ ಹತ್ತಿ ಕಿತ್ತು ಎಣ್ಣಿ ತೂತಿಗೆ ಇಟ್ಟುಬಿಟ್ಟ, ಕಿವಿಗೆ ಇಟ್ಟಂಗ!

ಆಕಿ ಬಂದು ನೋಡಿದ್ಲು. ಆಮ್ಯಾಲ ಹತ್ತಿ ತೆಗೆದು, ಎಲ್ಲಾ ಮತ್ತ ಬಿಚ್ಚಾಕ ಕುಂತ್ಲು.

"ಹತ್ತಿ ಪೂರಾ ಬಂತಲ್ಲವಾ! ಅಪ್ಪನ ಗಾಡಿಗೂ ಇಷ್ಟು ತಪಾಸೇನು?" ಅಂದ ಬಸವರಾಜ.

"ಅಪ್ಪನ ಗಾಡಿ ಅಂತ ಟರ್ಬೋಕ್ಕ ಗೊತ್ತೈತೇನು? ನೀ ದೂರ ನಿಂದ್ರು. ಅಂಗಿ ಝಾಡಿಸ್ಕೊಂಡು ನಿಂದ್ರು."

ಊಟದ ಹೊತ್ತು ಮೀರಿತು. ಕಡೀಗೆ ತೂತಿನ ತಿರುವಿನಾಗಿಂದ ಚಿಮಟಿಗೆ ಸಿಕ್ಕಿತು ನೋಡ್ರಿ, ಕೂದಲಿಗಿಂತ ಸಣ್ಣ ಎಳಿ. ಮಾಬೀ ಎದ್ದು ಬಂದು, ಗಾಡಿ ಇನ್ನೂ ಚಾಲೂನೇ ಆಗಿಲ್ಲ, ಶೆಡ್ಡಿನ ಕೀಲಿಕೈ ಆಕಿ ಮಡಿಲಿಗೆ ಹಾಕಿದ್ಲು. "ಓಡ್ಲಿ ಬಿಡ್ಲಿ, ನಾ ನೋಡೋದು ನೋಡಿದೆ," ಅಂದ್ಲು.

ಆಮ್ಯಾಲ ಕೂಡ್ರಿಸಿ, ಎಣ್ಣಿ ಕುಡಿಸಿ, ಚಾಲೂ ಮಾಡಿದ್ದು, ಏರು ಹತ್ತಿದ್ದು. ಹಿಂದ ಕೂತಿದ್ದ ನಾನು ಕೂಗಿದ್ದು ಕೋಟೆಗೇ ಕೇಳಿರಬೇಕು.

ಸಂಜಿಗೆ ಮಾಬೀನೂ ನಮ್ಮ ಮನಿಗೆ ಬಂದ್ಲು. ಸಜ್ಜಿ ರೊಟ್ಟಿ, ಬದನಿಕಾಯಿ, ಶೇಂಗಾ ಚಟ್ನಿ. ಎಲ್ಲರೂ ಒಂದೇ ಸಾಲು. ರೇಣುಕಾ ಎಷ್ಟು ತಿಕ್ಕಿದ್ರೂ ಉಗುರಿನ ಕಪ್ಪು ಹೋಗಿದ್ದಿಲ್ಲ. ಮಾಬೀ ಆಕಿ ತಾಟಿಗೆ ಬೆಣ್ಣಿ ಹಾಕಿ, "ತಿನ್ನು ಮೇಸ್ತ್ರಿ, ಆರಿ ಹೋಗತೈತಿ," ಅಂದ್ಲು. ಬಸವರಾಜನೇ ಮೊದಲು ತಲಿ ತಗ್ಗಿಸಿ ರೊಟ್ಟಿ ಮುರಿದ. ಆಮ್ಯಾಲ ನಾವೆಲ್ಲ ಉಂಡ್ವಿ.