ನಡುನೀರು ದಾಟಿಸಿದ ತಂಗೆವ್ವ

ಹಿಪ್ಪರಗಿಯ ಕೆಳಗೆ ಒಂದು ಕಡೆ ಕೃಷ್ಣೆ ಎರಡು ನಡುಗಡ್ಡೆಗಳನ್ನು ಬಳಸಿಕೊಂಡು ಹರಿಯುತ್ತಾಳೆ. ಅವೆರಡರ ನಡುವಿನ ಹರಿವು ಸಮುದ್ರದಲ್ಲಿದ್ದಿದ್ದರೆ ಜಲಸಂಧಿ ಎಂಬ ದೊಡ್ಡ ಹೆಸರು ಗಿಟ್ಟಿಸುತ್ತಿತ್ತು. ನಮ್ಮವರು ನಡುನೀರು ಎಂದು ಕರೆದು ಸುಮ್ಮನಾಗಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಮೊಣಕಾಲು ನೀರು, ಒಳಗಿನ ಮರಳುದಿಣ್ಣೆಯ ಮೇಲೆ ನಡೆದರೆ ಮಾತ್ರ. ಆ ದಿಣ್ಣೆಯೋ ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ. ಹೋದ ವರ್ಷ ದಾಟಿದಲ್ಲಿ ಈ ವರ್ಷ ಆಳು ಮುಳುಗುವ ಮಡು.

ತಂಗೆವ್ವ ಮದುವೆಯಾಗಿ ಬಂದಾಗಿನಿಂದ ಗಂಡ ಲಗಮಣ್ಣನ ಕುರಿಗಳ ಹಿಂದೆ ಈ ನೀರು ದಾಟುತ್ತಿದ್ದಾಳೆ, ಎಳೆಮರಿಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡು. ಮುಂದೆ ನಡೆಯುವುದು ಕುಲದೇವರು ಬೀರಪ್ಪನಿಗೆ ಬಿಟ್ಟ ಟಗರು. ಅದನ್ನು ಮಾರುವಂತಿಲ್ಲ, ಅದರ ಮೇಲೆ ಕೋಲೆತ್ತುವಂತಿಲ್ಲ. ಅದು ಇಳಿದಲ್ಲೇ ಹಿಂಡು ಇಳಿಯಬೇಕು. ಒಳ್ಳೆಯ ಪದ್ಧತಿಯೇ, ಹೊಳೆಯ ಹೊಸ ಸುದ್ದಿ ಟಗರಿಗೂ ಮುಟ್ಟುವಂತಿದ್ದರೆ.

ಈ ಬೇಸಿಗೆಯಲ್ಲಿ ದೊಡ್ಡ ಗಡ್ಡೆಯ ಹುಲ್ಲು ತೀರಿ, ಸಣ್ಣ ಗಡ್ಡೆಗೆ ಹೊರಟರು. ಹಿಂದಿನ ದಿನ ಕೊಡ ತುಂಬಲು ಹೋದ ತಂಗೆವ್ವನಿಗೆ ಹಳೆಯ ಜಾಗದಲ್ಲಿ ಕಾಲಿಗೆ ನೆಲ ಸಿಕ್ಕಿರಲಿಲ್ಲ.

"ದಿಣ್ಣಿ ಸರದೈತ್ರಿ. ಮ್ಯಾಲಿನ ಕಡಿಂದ ದಾಟಸೂಣು," ಎಂದಳು.

"ಬೀರಪ್ಪನ ಟಗರಿಗೆ ನೀ ಹಾದಿ ತೋರಸಾಕಿ ಏನ?" ಎಂದು ಲಗಮಣ್ಣ ನಕ್ಕ.

ಟಗರು ರೂಢಿಯಂತೆ ಹಳೆಯ ಜಾಗದಲ್ಲೇ ಇಳಿಯಿತು. ನೀರು ಎದೆಗೆ ಬಂದರೂ ನಿಲ್ಲಲಿಲ್ಲ. ಹಿಂದಿನ ಕುರಿಗಳು ಒಂದನ್ನೊಂದು ನೂಕುತ್ತ ಧುಮುಕಿದವು. ಒಂದು ಗಬ್ಬದ ಕುರಿ ಮಡುವಿನ ಸೆಳೆತಕ್ಕೆ ಸಿಕ್ಕಿ ಮುಳುಗಿಹೋಯಿತು. ಲಗಮಣ್ಣ ದಡದಲ್ಲಿ ಕೈಮುಗಿದು ಬೀರಪ್ಪನನ್ನು ಕರೆಯುತ್ತ ನಿಂತುಬಿಟ್ಟ. ನನಗೆ ಅವನ ಮೇಲೆ ಈಗಲೂ ಸಿಟ್ಟಿದೆ. ತಂಗೆವ್ವ ಮರಿಗಳನ್ನು ಕೆಳಗಿಳಿಸಿ, ಗಂಡನ ಕೋಲು ಕಸಿದುಕೊಂಡು, ನೀರಿಗಿಳಿದು ಟಗರಿನ ಕೋಡಿಗೆ ಬೀಸಿ ಹೊಡೆದಳು. ಅದು ತಿರುಗಿ ಮೇಲಕ್ಕೆ ಹೋಗಿ ದಿಣ್ಣೆ ಹತ್ತಿತು. ಉಳಿದ ಹಿಂಡು ಅದರ ಬೆನ್ನಿಗೆ ದಾಟಿತು.

ಆಮೇಲೆ ಅವಳಿಗೆ ಭಯ ಹತ್ತಿತು. ರೊಟ್ಟಿ ಬಡಿಯಲು ಕೈ ಏಳಲಿಲ್ಲ. ದೇವರ ಸಿಟ್ಟು ಶಾಲೆಗೆ ಹೋಗುವ ಮಗಳು ವೈಶಾಲಿಯ ಮೇಲೆ ತಿರುಗಿದರೆ ಎಂದು ಅತ್ತಳು.

ದಡದಲ್ಲಿದ್ದ ಯಾರೋ ದೂರದಿಂದ ಕಂಡಷ್ಟನ್ನು ಊರಿಗೆ ಮುಟ್ಟಿಸಿದ್ದರು. ಟಗರಿಗೆ ಏಟು ಬಿದ್ದದ್ದು ಕಂಡಿತ್ತು, ಹೊಡೆದವರ ಗುರುತು ಸಿಕ್ಕಿರಲಿಲ್ಲ. ಸೋಮವಾರ ಗುಡಿಯ ಮುಂದೆ ಕುಲದವರು ಸೇರಿದರು. ಕುಲದ ಕಟ್ಟಳೆಯಂತೆ ದೇವರ ಟಗರನ್ನು ಹೊಡೆದವರು ಗುಡಿಯ ಹೊಸಿಲು ತುಳಿಯುವಂತಿಲ್ಲ, ಮುಂದಿನ ಹಬ್ಬದವರೆಗೆ ಯಾರ ಮನೆಯಲ್ಲೂ ಉಣ್ಣುವಂತಿಲ್ಲ. ತಂಗೆವ್ವ ಸೆರಗು ಬಿಗಿಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

"ಕೋಲು ಎತ್ತಿದವರು ಯಾರು?" ಎಂದು ಹಿರಿಯ ಪೂಜಾರಿ ಸಿದರಾಯ ಕೇಳಿದ.

ಬೀರಪ್ಪನ ಹೆಸರು ಹೇಳಿ ಒಂದು ಹುಸಿಯಾಣೆಯನ್ನೂ ಹಾಕದವನು ಲಗಮಣ್ಣ. ಅವನು ಹೆಂಡತಿಯನ್ನು ದಾಟಿ ಮುಂದೆ ಬಂದ.

"ನಾನ, ಮುತ್ಯಾ," ಎಂದ.