ಎಕ್ಸ್ ಜಾಗಕ್ಕೆ ಎರಡು

೧೯೯೧ರ ಮಾರ್ಚ್ ಕೊನೆಗೆ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಮೂರನೇ ಬಾರಿ ಕುಳಿತರು. ಉಳಿದ ವಿಷಯಗಳೆಲ್ಲ ಮದುವೆಗೆ ಮೊದಲೇ ಬೆಳಗಾವಿಯಲ್ಲಿ ಪಾಸಾಗಿದ್ದವು. ಗಣಿತವೊಂದು ಅವರ ಜೊತೆ ವಾಸ್ಕೋಗೆ ಬಂದಿತ್ತು.

ಕಳೆದ ಶನಿವಾರ ಪರ್ವರಿಯ ನಮ್ಮ ಈಗಿನ ಮನೆಗೆ ಮೇಲಿನ ಮಹಡಿಯ ಹುಡುಗಿ ಲೆಕ್ಕದ ಹಾಳೆ ಹಿಡಿದು ಬರದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನನಗೆ ಗಣಿತ ಬರುತ್ತದೆಂದು ಯಾರೋ ಅವಳಿಗೆ ತಪ್ಪು ಮಾಹಿತಿ ಕೊಟ್ಟಿದ್ದರು. ಹಾಳೆಯಲ್ಲಿ ಗೆರೆಯ ಮೇಲೊಂದು ಎಕ್ಸ್, ಕೆಳಗೊಂದು ಎಕ್ಸ್, ಎರಡಕ್ಕೂ ಅಡ್ಡಗೀಟು. ನೀವೂ ಶಾಲೆಯಲ್ಲಿ ಅಂಥ ಗೀಟು ಎಳೆದಿರಬಹುದು. ಬಹಳ ಸಮಾಧಾನ ಕೊಡುವ ಗೀಟು ಅದು.

ವಾಸ್ಕೋದಲ್ಲಿ ನಮ್ಮದು ಕಿರಾಣಿ ಅಂಗಡಿ, ಹಿಂದುಗಡೆ ಮನೆ. ಅಣ್ಣ ಊಟಕ್ಕೆ ಎದ್ದಾಗ ತಕ್ಕಡಿಯ ಮುಂದೆ ವೈನಿ ಕೂಡುತ್ತಿದ್ದರು. ನಾನು ಪಣಜಿಯ ಪತ್ರಿಕೆಯೊಂದರಲ್ಲಿ ಕಿರಿಯ ಉಪಸಂಪಾದಕ. ಬಸ್ಸಿನಲ್ಲಿ ಜುವಾರಿ ಸೇತುವೆ ದಾಟಿ ಹೋಗಿ ಬರುತ್ತಿದ್ದೆ. ಆ ವರ್ಷ ಸಾಂಕೋಲೆಯಲ್ಲಿ ಕಾರ್ಖಾನೆ, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರ ಮಕ್ಕಳಿಗೆ ಬಾಲವಾಡಿ ತೆರೆಯುವವರಿದ್ದರು. ಕನ್ನಡ ಬಲ್ಲ ಶಿಕ್ಷಕಿ ಬೇಕಿತ್ತು. ಅವಳು ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಬಾಲವಾಡಿ ನಡೆಸಲಿದ್ದ ಮಹಿಳೆ ಜೂನ್‌ವರೆಗೆ ಕಾಯುವುದಾಗಿ ವೈನಿಗೆ ಮಾತು ಕೊಟ್ಟಿದ್ದರು.

ಅವ್ವನದು ಒಂದೇ ಕರಾರು. “ಇದೊಂದ ಸಲ ಕುಂಡ್ರು. ಆಗಲಿಲ್ಲಂದ್ರ ಮತ್ತ ಆ ಮಾತ ತಗೀಬ್ಯಾಡ.”

“ಆತ್ರೀ ಅತ್ತಿ,” ಎಂದರು ವೈನಿ.

ಕಲಿಸುವ ಹೊಣೆ ನನಗೆ ಬಂತು. ಬೀಜಗಣಿತದ ಭಿನ್ನರಾಶಿಗಳಲ್ಲಿ, ಎಕ್ಸ್ ಕೆಳಗೆ ಕೂತ ಲೆಕ್ಕಗಳಲ್ಲೇ, ಅವರು ಎರಡು ಸಲವೂ ಮುಗ್ಗರಿಸಿದ್ದರು. ಛೇದಗಳು ಬೇರೆಯಾಗಿದ್ದರೆ ಕೂಡಿಸಲಾಗದು, ಕಳೆಯಲಾಗದು. ಇದರ ಛೇದದಿಂದ ಅದನ್ನು, ಅದರ ಛೇದದಿಂದ ಇದನ್ನು ಗುಣಿಸಿ ಮೊದಲು ಸಮ ಮಾಡಿಕೊಳ್ಳಬೇಕು. ಸಂಸಾರಕ್ಕೂ ಇದು ಅನ್ವಯಿಸುತ್ತದೆ ಎಂದು ಒಂದು ಸಾಲು ಸೇರಿಸಬಹುದಿತ್ತು. ಅಂಥ ಸಾಲುಗಳನ್ನು ನಮ್ಮ ಮುಖ್ಯ ಉಪಸಂಪಾದಕರು ಓದದೆಯೇ ಹೊಡೆದುಹಾಕುತ್ತಿದ್ದರು.

ಅಷ್ಟನ್ನು ವೈನಿ ಬೇಗ ಕಲಿತರು. ತೊಂದರೆ ಆಮೇಲಿನದು. ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ತೂಕದ ಬಟ್ಟುಗಳಿದ್ದರೆ ಎರಡನ್ನೂ ಎತ್ತಿಬಿಡಬಹುದು, ಮುಳ್ಳು ಅಲುಗದು. ವೈನಿಯ ಕೈಗೆ ಅದು ಅಭ್ಯಾಸವಾಗಿತ್ತು. ಗೆರೆಯ ಮೇಲೊಂದು ಎಕ್ಸ್, ಕೆಳಗೊಂದು ಎಕ್ಸ್ ಕಂಡರೆ ಅದೇ ಕೈ ಎರಡನ್ನೂ ಎತ್ತಿಬಿಡುತ್ತಿತ್ತು.

ಒಂದು ಭಾನುವಾರ ನಾನು ಕೊಟ್ಟ ಲೆಕ್ಕ ಇದು: 5/x − 3/(x + 2). ಛೇದ ಸಮ ಮಾಡಿ, ಮೇಲೆ 2x + 10, ಕೆಳಗೆ x(x + 2) ಎಂದು ಬರೆದರು. ಅಲ್ಲಿಗೆ ನಿಲ್ಲಿಸಿದ್ದರೆ ಪೂರ್ತಿ ಸರಿ. ನಿಲ್ಲಿಸಲಿಲ್ಲ. ಮೇಲಿನದೊಂದು, ಕೆಳಗಿನದೊಂದು ಎಕ್ಸ್ ಹೊಡೆದು, 12/(x + 2) ಎಂದು ಉತ್ತರ ಬರೆದು ಕೆಳಗೆ ಗೆರೆ ಎಳೆದರು.

“ತಪ್ಪಾತ್ರಿ ವೈನಿ.”

“ಯಾಕ? ಎರಡೂ ಕಡಿಂದ ತಗದೇನಲ್ರಿ.”

“ಬರ್ರಿ, ತೋರಸ್ತೀನಿ. ಎಕ್ಸ್ ಜಾಗಕ್ಕ ಒಂದ ಇಡ್ರಿ.”

ಇಟ್ಟರು. ಲೆಕ್ಕದಲ್ಲಿ ಐದರಿಂದ ಒಂದು ಕಳೆದು ನಾಲ್ಕು ಬಂತು. ಅವರ ಉತ್ತರದಲ್ಲಿ ಹನ್ನೆರಡನ್ನು ಮೂರರಿಂದ ಭಾಗಿಸಿದರೆ ಅದೂ ನಾಲ್ಕು.

ವೈನಿ ನನ್ನ ಮುಖ ನೋಡಿದರು. ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. “ಏನಂತೋ ನಿನ್ನ ಎಕ್ಸು? ಆಕಿದ ಖರೇ ಅಂತೇನ?”

“ಪೇಪರಿನ್ಯಾಗೂ ಹಿಂಗ ತಿದ್ದತೀರೇನ್ರಿ?” ಎಂದರು ವೈನಿ.

ನಾನು ಮಧ್ಯಾಹ್ನದ ಊಟಕ್ಕೆ ಎದ್ದೆ. ಅವರಿಬ್ಬರ ನಗು ಪಡಸಾಲೆಯಲ್ಲಿ ಮುಂದುವರಿಯಿತು.

ಮರುದಿನ ಪಣಜಿಯ ಬಸ್ಸು ಸೇತುವೆಯ ಮೇಲಿದ್ದಾಗ ಸಂಗತಿ ಹೊಳೆಯಿತು. ಒಂದರಿಂದ ಗುಣಿಸಿದರೂ ಭಾಗಿಸಿದರೂ ಏನೂ ಬದಲಾಗುವುದಿಲ್ಲ. ಎಕ್ಸ್‌ನ ಬೆಲೆ ಒಂದು ಎಂದಾದರೆ ಅದನ್ನು ಹೊಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ತಪ್ಪನ್ನು ಮುಚ್ಚಿಡುವ ಅಂಕಿಯನ್ನೇ ನಾನು ಸಾಕ್ಷಿಗೆ ಕರೆದಿದ್ದೆ.

ಸಂಜೆ ಮನೆಗೆ ಬಂದವನೇ, “ಎರಡ ಇಡ್ರಿ,” ಎಂದೆ. ಲೆಕ್ಕದಲ್ಲಿ ಒಂದೂಮುಕ್ಕಾಲು ಬಂತು. ಅವರ ಉತ್ತರದಲ್ಲಿ ಮೂರು.

ವೈನಿ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಅಂದ್ರ ಇಷ್ಟು ವರ್ಷ ಹಿಂಗ ಹೊಡಕೋತ ಬಂದೇನಲ್ರಿ.” ಆ ದನಿಯಲ್ಲಿ ನಗು ಇರಲಿಲ್ಲ.

ಕೂಡಿಸಿದ್ದರಲ್ಲಿ ಒಂದು ಭಾಗವನ್ನಷ್ಟೇ ಹೊಡೆಯಬಾರದು, ಇಡೀ ಮೇಲಿನದನ್ನು ಗುಣಿಸಿ ನಿಂತದ್ದನ್ನು ಮಾತ್ರ ಹೊಡೆಯಬಹುದು ಎಂದು ವಿವರಿಸಿದೆ. ಅವರು ಅದನ್ನು ತಮ್ಮ ಅಂಗಡಿಯ ಮಾತಿಗೆ ತಂದುಕೊಂಡರು: ಗೆರೆಯ ಮೇಲಿರುವುದು ಹೊಲಿದ ಚೀಲ, ಅದರೊಳಗಿನ ಒಂದೇ ಕಾಳಿಗೆ ಕೈ ಹಾಕಬಾರದು. ಅಂದಿನಿಂದ ಮೊದಲು 2x + 10ರ ಸುತ್ತ ಆವರಣ ಹಾಕಿ, “ಹೊಲದೇನಿ” ಎಂದು ಗೊಣಗಿ ಮುಂದೆ ಹೋಗುತ್ತಿದ್ದರು. ಪ್ರತಿ ಉತ್ತರವನ್ನೂ ಎರಡು ಇಟ್ಟು ಪರೀಕ್ಷಿಸುತ್ತಿದ್ದರು. ಒಂದನ್ನು ಮಾತ್ರ ನಂಬುತ್ತಿರಲಿಲ್ಲ. ನನ್ನನ್ನೂ ಅಷ್ಟಾಗಿ ನಂಬುತ್ತಿದ್ದಂತೆ ಕಾಣಲಿಲ್ಲ.

ಬೆಳಗಾವಿಗೆ ಹೋಗಿ ಪರೀಕ್ಷೆ ಬರೆದು ಬಂದರು. ಭಿನ್ನರಾಶಿಯ ಲೆಕ್ಕಗಳೆಲ್ಲ ಸರಿಯಾಗಿವೆ ಎಂದರು. ಹೆಚ್ಚೇನೂ ಹೇಳಲಿಲ್ಲ.

ಆಗ ಫಲಿತಾಂಶ ಪತ್ರಿಕೆಯಲ್ಲಿ ನೋಂದಣಿ ಸಂಖ್ಯೆಗಳಾಗಿ ಬರುತ್ತಿತ್ತು. ಹುಬ್ಬಳ್ಳಿಯ ಪೇಪರು ಬಸ್ಸಿನಲ್ಲಿ ವಾಸ್ಕೋಗೆ ಬಂದಾಗ ನಾನೇ ನಿಲ್ದಾಣಕ್ಕೆ ಹೋಗಿದ್ದೆ. ವೃತ್ತಿಯಿಂದ ಕರಡು ತಿದ್ದುವವನು. ಅಂಕಣವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ವೈನಿಯ ಸಂಖ್ಯೆ ಇರಲಿಲ್ಲ.

ಮನೆಯಲ್ಲಿ ಹೇಳಿದೆ. ವೈನಿ ಸೆರಗು ಸರಿಪಡಿಸಿಕೊಂಡು, “ಗಂಟಿ ಬಾರಿಸಿತ್ರಿ,” ಎಂದರು. ಆಗ ತಿಳಿಯಿತು. ಪ್ರತಿ ಉತ್ತರಕ್ಕೂ ಎರಡು ಇಟ್ಟು ನೋಡಿದ್ದರು. ಎರಡೂ ಮೋಸ ಮಾಡೀತೆಂಬ ಭಯದಿಂದ ಮತ್ತೆ ಮೂರು ಇಟ್ಟು ನೋಡಿದ್ದರು. ರೇಖಾಗಣಿತಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿದಿತ್ತು. ಬರೆದದ್ದೆಲ್ಲ ಸರಿ, ಬರೆದದ್ದು ಸಾಲದು.

ಕರಾರು ಎಲ್ಲರಿಗೂ ನೆನಪಿತ್ತು. ವೈನಿ ಒಳಗೆ ಹೋಗಿ ಪಠ್ಯಪುಸ್ತಕ ತಂದು, ರದ್ದಿಗೆ ಹಾಕಲು ಅವ್ವನ ಮುಂದಿಟ್ಟರು. ಅವ್ವ ಅದನ್ನು ಎತ್ತಿ ಕಪಾಟಿನ ಮೇಲಿಟ್ಟಳು.

“ಅಕ್ಟೋಬರ್‌ದಾಗ ಮತ್ತ ಪರೀಕ್ಷಾ ಇರ್ತೈತೇನೋ?” ಎಂದು ನನ್ನನ್ನು ಕೇಳಿದಳು.

“ಇರ್ತೈತವಾ.”

“ಆವಾಗ ಮಳಿ ನಿಂತಿರ್ತೈತಿ. ಘಾಟಿನ್ಯಾಗ ಬಸ್ಸಿಗೆ ತ್ರಾಸಿಲ್ಲ.” ಆಮೇಲೆ ವೈನಿಯ ಕಡೆ ತಿರುಗಿದಳು. “ಎರಡ ಇಟ್ಟ ನೋಡಿದ್ರ ಸಾಕವಾ. ಮೂರ ಬ್ಯಾಡ.”

ಜೂನ್‌ನಲ್ಲಿ ಬಾಲವಾಡಿಯ ಜಾಗ ಬೇರೊಬ್ಬರಿಗೆ ಹೋಯಿತು. ಅಕ್ಟೋಬರಿನಲ್ಲಿ ವೈನಿ ಪಾಸಾದರು. ಮರುವರ್ಷ ಮಕ್ಕಳ ಸಂಖ್ಯೆ ಹೆಚ್ಚಿ ಬಾಲವಾಡಿಯಲ್ಲಿ ಎರಡನೇ ಕೋಣೆ ತೆರೆದಾಗ ಅವರನ್ನು ಕರೆದರು. ನಿವೃತ್ತಿಯವರೆಗೆ ಅಲ್ಲೇ ಇದ್ದರು. ಅವ್ವ ಈಗಿಲ್ಲ. ವೈನಿ ದಾಬೋಲಿಮ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಹತ್ತನೇ ತರಗತಿಯ ಕೆಲವು ಮಕ್ಕಳು ಸಂಜೆ ಅವರ ಬಳಿ ಗಣಿತಕ್ಕೆ ಬರುತ್ತಾರೆ.

ಈ ಬರಹಕ್ಕೆ ಒಂದೆರಡು ವಿವರ ಖಚಿತಪಡಿಸಿಕೊಳ್ಳಲು ನಿನ್ನೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. “ಪಾಠ ನಡದೈತ್ರಿ, ಆಮ್ಯಾಲ ಮಾಡತೇನಿ,” ಎಂದು ಇಟ್ಟರು. ಇನ್ನೂ ಮಾಡಿಲ್ಲ.