ಪಾಸ್‌ವರ್ಡ್ ತಪ್ಪಿಗೊಂದು ಅರ್ಜಿ

ಅಕ್ಕನ ಮನೆಯ ಟಿವಿಗೆ, ನಾನು ತಿಂಗಳಾ ದುಡ್ಡು ಕಟ್ಟುವ ಸಿನಿಮಾ ಆ್ಯಪಿನ ಪಾಸ್‌ವರ್ಡ್ ಹಾಕಿಕೊಟ್ಟವನು ನಾನೇ. ಯಾರೂ ಕೇಳಿರಲಿಲ್ಲ. ಹಬ್ಬಕ್ಕೆ ಅಜ್ಜಂಪುರಕ್ಕೆ ಹೋದವನು ಊಟ ಮುಗಿಸಿ, ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಇನ್ನು ಸಿನಿಮಾ ಎಲ್ಲ ಇದರಲ್ಲೇ ನೋಡಿ ಎಂದು ದೊಡ್ಡಸ್ತಿಕೆ ಮೆರೆದು ಬಂದಿದ್ದೆ. ಎರಡು ವರ್ಷ ಅವರು ಅಲ್ಲಿ ನೋಡಿದರು, ನಾನು ಕಡೂರಿನಲ್ಲಿ ನೋಡಿದೆ. ಅದೂ ಒಂದು ವಿಷಯವೆಂದು ಯಾರಿಗೂ ಅನಿಸಿರಲಿಲ್ಲ.

ಹೋದ ವರ್ಷ ಅಕ್ಕನ ಮಗಳು ಸರ್ಕಾರಿ ಕೆಲಸಕ್ಕೆ ಆಯ್ಕೆಯಾದಳು. ಮೂರನೇ ಸಲ ಪರೀಕ್ಷೆ ಬರೆದು ದಕ್ಕಿಸಿಕೊಂಡದ್ದು. ಆದೇಶ ಕೈಗೆ ಬರುವ ಮೊದಲು ಪೊಲೀಸರು ಅವಳ ಪೂರ್ವಾಪರ ವಿಚಾರಿಸಿ ವರದಿ ಕೊಡಬೇಕಿತ್ತು. ಸರಿಯಾಗಿ ಅದೇ ವಾರ ನಮ್ಮ ಕುಟುಂಬದ ಗ್ರೂಪಿಗೆ ಯಾರೋ ಪುಣ್ಯಾತ್ಮರು ಒಂದು ವಿಡಿಯೊ ಹಾಕಿದರು. ಕರಿ ಕೋಟು ತೊಟ್ಟ ಮನುಷ್ಯನೊಬ್ಬ, ಇನ್ನೊಬ್ಬರ ಪಾಸ್‌ವರ್ಡಿನಲ್ಲಿ ಸಿನಿಮಾ ನೋಡುವುದು ಕ್ರಿಮಿನಲ್ ಅಪರಾಧ, ಜೈಲು ಗ್ಯಾರಂಟಿ ಎಂದು ಬೆರಳಾಡಿಸುತ್ತಿದ್ದ. ಅಕ್ಕ ಫೋನಿನಲ್ಲಿ ಅತ್ತಳು. ನನ್ನಿಂದಾಗಿ ಮಗಳ ಕೆಲಸ ಹೋಯಿತು ಎನ್ನುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದಳು. ಅದನ್ನೂ ಹೇಳಿಬಿಟ್ಟಿದ್ದರೆ ವಾಸಿಯಿತ್ತು.

ನಾನು ಸರ್ಕಾರಿ ಹೈಸ್ಕೂಲು ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಕೇಳಿದೆ. ವಿಜ್ಞಾನದವರು ಖಂಡಿತ ಅಪರಾಧ ಎಂದರು, ಇಂಗ್ಲಿಷಿನವರು ದೇಶವೇ ಮಾಡುತ್ತಿದೆ ಬಿಡಿ ಎಂದು ನಕ್ಕರು. ಹೆಡ್‌ಮಾಸ್ಟರು ಮಾತ್ರ ಇಂಥ ವಿಷಯ ಇಲ್ಲಿ ಬೇಡ ಎಂದು ಎದ್ದೇ ಹೋದರು. ನಾಳೆ ನನ್ನನ್ನು ಹಿಡಿದರೆ ಅವರು ಸಾಕ್ಷಿ ಹೇಳಬೇಕೇನೋ ಎನ್ನುವ ಹಾಗೆ. ಕಂಪನಿಯ ಷರತ್ತುಗಳನ್ನು ಓದೋಣವೆಂದು ಮೊಬೈಲು ತೆರೆದೆ. ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯಲಿಲ್ಲ. ಎರಡು ವರ್ಷದ ಹಿಂದೆ ಇದಿಷ್ಟಕ್ಕೂ ಒಂದೇ ಒತ್ತಿಗೆ ಒಪ್ಪಿಗೆ ಕೊಟ್ಟಿದ್ದವನು ನಾನು. ಪರೀಕ್ಷೆಯಲ್ಲಿ ಪ್ರಶ್ನೆ ಓದದೆ ಉತ್ತರ ಬರೆಯುವ ಮಕ್ಕಳಿಗೆ ಬೈಯುವುದೂ ನಾನೇ.

ಮಾರನೆಯ ದಿನ ರಜೆ ಹಾಕಿ ತರೀಕೆರೆಗೆ ಹೋದೆ. ಅಲ್ಲಿ ನನ್ನ ಜೊತೆ ಓದಿದವನೊಬ್ಬ ವಕೀಲನಾಗಿದ್ದಾನೆ. ಹೌದೋ ಇಲ್ಲವೋ ಒಂದೇ ಮಾತಲ್ಲಿ ಹೇಳು ಎಂದೆ. ಅವನಿಗೆ ಒಂದೇ ಮಾತಲ್ಲಿ ಹೇಳಿ ಅಭ್ಯಾಸವಿಲ್ಲ. ಕಾಫಿ ತರಿಸಿದ, ಯಾವುದೋ ಸೆಕ್ಷನ್ ಓದಿದ, ಮಧ್ಯೆ ಎರಡು ಫೋನು ಮುಗಿಸಿದ. ನಾನು ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿಕೊಂಡು ಕೂತಿದ್ದೆ.

"ನೀನೇ ಕೊಟ್ಟಿದ್ರೆ ಕ್ರೈಮ್ ಆಗೋದು ಕಷ್ಟ ಕಣೋ," ಎಂದ ಕೊನೆಗೆ. "ಕಂಪನಿ ಷರತ್ತು ಮುರಿದಂಗಾಯ್ತು, ಹೆಚ್ಚಂದ್ರೆ ಅಕೌಂಟ್ ಬಂದ್ ಮಾಡ್ತಾರೆ. ನಿಂಗೆ ಗೊತ್ತಿಲ್ದಂಗೆ, ಮೋಸ ಮಾಡಿ ಬಳಸಿದ್ರೆ ಅದು ಬೇರೆ. ಆಗ ಕೇಸು ಹಾಕಕ್ಕೆ ದಾರಿ ಇದೆ."

ಮೆಟ್ಟಿಲಿಳಿಯುತ್ತಲೇ ಅಕ್ಕನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, ಭಾವ ಎಲ್ಲ ಸರಿಮಾಡಿದ್ದಾರೆ ಎಂದಳು. ಭಾವ ಅಜ್ಜಂಪುರದ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆಯುವವರು. ಖಾತೆ ಬದಲಾವಣೆಯಿಂದ ಹಿಡಿದು ಪಿಂಚಣಿಯವರೆಗೆ ಅವರ ಅಕ್ಷರದಲ್ಲಿ ಆಗದ ಕೆಲಸವಿಲ್ಲ. ಪೊಲೀಸರೇ ಕಂಡುಹಿಡಿಯುವುದಕ್ಕಿಂತ ತಾವೇ ಮುಂದಾಗಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರೆ ಕರುಣೆ ತೋರುತ್ತಾರೆ ಎಂದು ಸ್ಟೇಷನ್ನಿಗೆ ಒಂದು ಅರ್ಜಿ ಬರೆದಿದ್ದರು.

"ನೀನೇನೂ ಹೆದರ್ಬೇಡ ಕಣೋ," ಎಂದಳು ಅಕ್ಕ. "ನಿಂಗೆ ಗೊತ್ತಿಲ್ದಂಗೆ ಇವ್ಳೇ ಪಾಸ್‌ವರ್ಡ್ ತಗೊಂಡ್ಲು ಅಂತ ಬರ್ದವ್ರೆ. ಮಧ್ಯಾಹ್ನ ಅಪ್ಪ ಮಗ್ಳು ಹೋಗಿ ಕೊಟ್ಟು ಬತ್ತಾರೆ."

ವಕೀಲ ಕೇಸಿಗೆ ದಾರಿ ಇದೆ ಎಂದದ್ದು ಸರಿಯಾಗಿ ಇದಕ್ಕೇ. ಎಲ್ಲೂ ಇಲ್ಲದ ಅಪರಾಧವನ್ನು ನನ್ನ ಮೇಲಿನ ಅಕ್ಕರೆಯಿಂದ ಈ ಮನುಷ್ಯ ಮಗಳ ತಲೆಗೆ ಕಟ್ಟಿದ್ದರು. ಅಕ್ಕನಿಗೆ ಬೇಡ, ತಡೆ ಎಂದು ಕೂಗಿದೆ. ನಿಮ್ಮ ಭಾವನಿಗೆ ನಾನು ಹೇಳಿದ್ದು ಎಂದಾದರೂ ತಲೆಗೆ ಹೋಗಿದೆಯಾ ಎಂದಳು. ಭಾವ ಬರೆಯಲು ಕೂತರೆ ಫೋನು ಎತ್ತುವವರಲ್ಲ, ಮಗಳದ್ದು ಸಿಗಲಿಲ್ಲ. ಓಡಿ ಹತ್ತಿದ ಅಜ್ಜಂಪುರದ ಬಸ್ಸು ಕಂಡಕಂಡಲ್ಲಿ ನಿಂತಿತು. ಒಬ್ಬರು ಹುಲ್ಲಿನ ಹೊರೆ ಮೇಲೆ ಹಾಕಿಸುವ ತನಕ ಡ್ರೈವರು ಇಳಿದು ಬೀಡಿ ಸೇದಿದ. ಅವನ ಮೇಲೂ ರೇಗಿದೆ.

ಮೇಜಿನ ಬಳಿ ಅಪ್ಪ ಮಗಳು ಇಬ್ಬರೂ ಇದ್ದರು. ಸ್ಟೇಷನ್ನಿನಲ್ಲಿ ಸಾಹೇಬರು ಇಲ್ಲವೆಂದು ವಾಪಸು ಕಳಿಸಿದ್ದರಂತೆ. ಅರ್ಜಿ ಕಿತ್ತುಕೊಂಡು ನೋಡಿದೆ. ಮುತ್ತಿನಂಥ ಅಕ್ಷರ, ಕೆಳಗೆ 'ತಮ್ಮ ವಿಧೇಯಳು' ಎಂದು ಅವಳ ಸಹಿ. ಹರಿದು ಹಾಕಿ, ಇದು ಬರೆಯುವಾಗ ಬುದ್ಧಿ ಎಲ್ಲಿಟ್ಟಿದ್ದಿರಿ ಎಂದು ನಾಲ್ಕು ಜನರ ಎದುರು ಭಾವನ ಮೇಲೆ ಕೂಗಾಡಿದೆ. ವಕೀಲ ಹೇಳಿದ್ದನ್ನು ಎರಡು ಸಲ ಹೇಳಿದೆ.

"ನಿನ್ ಕೆಲ್ಸ ಕೈಯಲ್ಲಿರೋದು ಕಣಪ್ಪಾ," ಎಂದರು ಭಾವ. "ಇವಳ್ದು ಇನ್ನೂ ಬಂದಿಲ್ಲ. ಇರೋದಾದ್ರೂ ಉಳ್ಕೊಳ್ಲಿ ಅಂತ ಬರ್ದೆ." ಆಮೇಲೆ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ನೀನೇ ಕೊಟ್ಟಿದ್ದು ಅಂದ್ರೆ ತಪ್ಪಿಲ್ಲ ಅಂತೀಯಲ್ಲ. ಹಂಗೇ ಬರ್ದು ಒಂದು ಸೈನ್ ಹಾಕ್ಕೊಡು. ನಾಳೆ ಯಾರಾದ್ರೂ ಕೇಳಿದ್ರೆ ಇವಳ ಹತ್ರ ಇರ್ಲಿ."

ನ್ಯಾಯವಾದ ಮಾತು. ಪೆನ್ನು ಹಿಡಿದೆ. ಅಷ್ಟು ಹೊತ್ತು ಕಾನೂನು ಅರೆದು ಕುಡಿದವನ ಹಾಗೆ ಕೂಗಾಡಿದ ನನಗೆ ಮೊದಲ ಅಕ್ಷರವೂ ಬರೆಯಲಾಗಲಿಲ್ಲ. ಸರ್ಕಾರಿ ನೌಕರ, ಷರತ್ತು ಮುರಿದದ್ದನ್ನು ಕೈಯಾರೆ ಬರೆದುಕೊಟ್ಟರೆ ಇಲಾಖೆ ಏನೆನ್ನುತ್ತದೋ ಎಂದು ಯೋಚಿಸುತ್ತಾ ಕೂತೆ. ಅಕ್ಕನ ಮಗಳು ನನ್ನ ಮುಖ ನೋಡಿದಳು. ಮೆಲ್ಲಗೆ ಕೈಯಿಂದ ಪೆನ್ನು ತೆಗೆದುಕೊಂಡು, "ಬಿಡಿ ಮಾಮ, ಏನೂ ಬೇಡ," ಎಂದಳು.

ವಾರ ಬಿಟ್ಟು ಬಂದ ಪೊಲೀಸಿನವರು ಅಕ್ಕಪಕ್ಕದವರನ್ನು ಎರಡು ಮಾತು ಕೇಳಿ ಹೋದರು. ಟಿವಿಯ ಸುದ್ದಿಯೇ ಬರಲಿಲ್ಲ. ಅವಳಿಗೆ ಆದೇಶ ಬಂತು, ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಅಕ್ಕ ಭಾವ ಅದನ್ನು ಮರೆತೇಬಿಟ್ಟಿದ್ದಾರೆ. ನನಗೆ ಮಾತ್ರ ಈಗಲೂ ಮೈಯೆಲ್ಲ ಉರಿಯುತ್ತದೆ. ಆ ಕರಿ ಕೋಟಿನವನ ಮೇಲೆ, ಬಸ್ಸಿನ ಮೇಲೆ, ಭಾವನ ಮೇಲೆ ಎಂದು ಬಹಳ ದಿನ ನಂಬಿದ್ದೆ. ಅಲ್ಲ. ಅವಳು ಪೆನ್ನು ತೆಗೆದುಕೊಂಡಾಗ ನಾನು, ಕೊಡು, ಬರೀತೀನಿ ಎನ್ನಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡೆ, ಅದು ಅವಳಿಗೆ ಕಾಣಿಸಿತು.